ಪೈಪಿಗೂ ಮೊದಲು ಬಂದ ಟೈಲ್ಸ್

"ಕೆಳಗೆ ಪೈಪೇ ಇಲ್ಲ, ಮೇಲೆ ಟೈಲ್ಸ್ ಹೆಂಗಮ್ಮ ಹಾಕ್ಸಿದ್ರಿ?" ಎಂದು ಮಧುಗಿರಿಯಿಂದ ಬಂದ ಪ್ಲಂಬರ್ ಕೇಳಿದಾಗ ಡೈರಿ ನನ್ನ ಕೈಯಲ್ಲೇ ಇತ್ತು. ಸೊಂಟದ ಮೂಳೆ ಮುರಿದಿದ್ದ ಅಪ್ಪ ಮರುದಿನ ಆಸ್ಪತ್ರೆಯಿಂದ ಕೊಡಿಗೇನಹಳ್ಳಿಯ ನಮ್ಮ ಮನೆಗೆ ಬರುವವರಿದ್ದರು. ಅವರಿಗೆಂದೇ ಮನೆಯೊಳಗೆ ಕಮೋಡ್ ಇರುವ ಶೌಚಾಲಯ ಕಟ್ಟಿಸುತ್ತಿದ್ದೆ. ಅದರ ಏಳು ಕೆಲಸಕ್ಕೂ ಡೈರಿಯಲ್ಲಿ ತಾರೀಕು ಬರೆದಿಟ್ಟಿದ್ದೆ. ನೆಂಟರ ಮದುವೆಯೆಂದು ಪ್ಲಂಬರ್ ಮೂರು ದಿನ ತಡಮಾಡಿದರು. ಉಳಿದ ತಾರೀಕುಗಳಾದರೂ ತಪ್ಪದಿರಲಿ ಎಂದು ನಾನು ಟೈಲ್ಸ್ ಕೆಲಸ ಮುಗಿಸಿ, ಗುರುತು ಹಾಕಿಕೊಂಡಿದ್ದೆ.

"ಎಲ್ಲಾ ಒಡೀಬೇಕು ಕಣಮ್ಮ. ಪೈಪ್ ಹಾಕಿ, ಕಾಂಕ್ರೀಟ್ ಗಟ್ಟಿಯಾದ್ಮೇಲೆ ಟೈಲ್ಸು. ಒಂದ್ ವಾರ ಇದ್ರ ಆಸೆ ಬುಟ್ಬುಡಿ" ಎಂದು ಅವರು ಸುತ್ತಿಗೆ ಎತ್ತಿಕೊಂಡರು.

ಮರುದಿನ ಅಪ್ಪ ಬಂದರು. ಅಮ್ಮ ಇಲ್ಲದ ಮನೆಯಲ್ಲಿ ಅವರಿಗೆ ಬೆಡ್‌ಪ್ಯಾನ್ ಇಡಲು ನಾನೊಬ್ಬಳೇ ಇದ್ದೆ. "ಆ ಕಡೆ ತಿರುಕ್ಕೊಳವ್ವ" ಎಂದ ಅಪ್ಪ, ತಾವೇ ಗೋಡೆಯ ಕಡೆ ಮುಖ ತಿರುಗಿಸಿದರು. ಅಂದಿನಿಂದ ನೀರು ಕೊಟ್ಟಾಗಲೆಲ್ಲ ಬಾಯಾರಿಕೆ ಇಲ್ಲ ಎನ್ನತೊಡಗಿದರು. ಎಣಿಸಿ ಬರೆದಿದ್ದೇನೆ, ದಿನಕ್ಕೆ ಎರಡೇ ಲೋಟ.

ಶೌಚಾಲಯ ಅಪ್ಪ ಬಂದ ಒಂಬತ್ತನೇ ದಿನ ಸಿದ್ಧವಾಯಿತು. ಅದಾಗಿ ಇವತ್ತಿಗೆ ಎರಡು ತಿಂಗಳು. ಅಪ್ಪ ವಾಕರ್ ಹಿಡಿದು ಒಬ್ಬರೇ ಹೋಗಿ ಬರುತ್ತಾರೆ. ನೀರು ಮಾತ್ರ ಈಗಲೂ ಎರಡೇ ಲೋಟ.