ಡಿಸ್ಕಿನೊಳಗೊಂದು ಬಾವಿ

ಆಳಂದದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಯಜಮಾನರ ಅಂಗಡಿ ಬಿಲ್ಲಿಗೆ ವಿಂಡೋಸ್ ಬೇಕು, ನಾನು ಶಾಲೆಯಲ್ಲಿ ಕಲಿಸುವ ಪಾಠಗಳಿಗೆ ಲಿನಕ್ಸ್ ಬೇಕು. ಎರಡನ್ನೂ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಕೂರಿಸಲು ಅಫಜಲಪುರದ ರಿಪೇರಿಯವರು ಬಂದರು. ನನಗೋ ಒಳಗೊಳಗೇ ಭಯ. ತೀರಿಹೋದ ಅವ್ವ ಬೀಸುಕಲ್ಲಿನ ಮುಂದೆ ಹಾಡಿದ ಪದಗಳ ರೆಕಾರ್ಡು ಅದರಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅವು ಅಳಿಸಿಹೋದಾವೆಂದು ಅವರಿಗೆ ಹೇಳಿದೆ.

“ಮೊದಲ ಅವನ್ನ ಪೆನ್‌ಡ್ರೈವಿಗಿ ಕಾಪಿ ಮಾಡ್ಕೊಳ್ರಿ ಅಕ್ಕಾರ,” ಎಂದರು. ಕಾಪಿಯಾದ ಮೇಲೆ ಕೇಳಿದರು: “ಅಣ್ಣತಮ್ಮರು ಹೊಲ ಪಾಲು ಮಾಡ್ಕೊಂಡಾಗ ಬಾವಿ ಯಾರಿಗಿ ಬಿಡ್ತೀರಿ?”

“ಬಾವಿ ಪಾಲು ಮಾಡಂಗಿಲ್ರಿ. ಇಬ್ಬರೂ ಸೇದ್ತಾರ.”

“ಇಲ್ಲೀನೂ ಹಂಗೇ ಮಾಡೋಣ್ರಿ.”

ತೆರೆಯ ಮೇಲೆ ವಿಂಡೋಸ್‌ನ ಜಾಗ ತೋರಿಸುವ ಉದ್ದ ಪಟ್ಟಿಯನ್ನು ಅವರು ಮೆಲ್ಲಗೆ ಕಿರಿದು ಮಾಡಿದರು. ತೆರವಾದ ಜಾಗದಲ್ಲಿ ಲಿನಕ್ಸ್‌ಗೊಂದು ಪಾಲು ತೆಗೆದು, ಉಳಿದದ್ದನ್ನು ಎರಡಕ್ಕೂ ಸೇರಿದ್ದೆಂದು ಬಿಟ್ಟು, ಅವ್ವನ ಪದಗಳನ್ನು ಅಲ್ಲಿಟ್ಟರು. ಆಮೇಲೆ ಲಿನಕ್ಸ್ ಹಾಕಿದರು.

ಸಂಜೆ ವಿಂಡೋಸ್ ತೆರೆದೆ, ಅವ್ವ ಹಾಡಿದಳು. ಅದನ್ನು ಮುಚ್ಚಿ ಲಿನಕ್ಸ್ ತೆರೆದೆ. ಅದೇ ಪದ, ನಡುವೆ ಅದೇ ಕೆಮ್ಮು. ಅಂಗೈಯಗಲದ ಡಬ್ಬಿಯೊಳಗೆ ಪಾಲಿನ ಗೆರೆಗಳು ಇಷ್ಟೆಲ್ಲ ಸರಿದಾಡಿದ್ದವು, ಆ ದನಿ ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ.

ಬಿಲ್ಲಿನ ಕಾಗದ ಹಿಡಿದು ಬಂದ ಯಜಮಾನರು ಬಾಗಿಲಲ್ಲೇ ನಿಂತರು.

“ಇನ್ನೊಮ್ಮೆ ಹಚ್ಚು,” ಎಂದರು.