ಕಡ್ಡಿ ಸರ್ ಮತ್ತು ಸೋರುವ ಕರೆಂಟು

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಮಿಕ್ಕವರಿಗೆಲ್ಲ ಅವನು ಕಡ್ಡಿ. ವಿದ್ಯಾರ್ಥಿಗಳಿಗೆ ಕಡ್ಡಿ ಸರ್. ಮೈಮೇಲೆ ಮಾಂಸ ಹುಡುಕಿದರೂ ಸಿಗದು, ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ಈ ಎರಡರಲ್ಲಿ ಯಾವುದರಿಂದ ಆ ಹೆಸರು ಬಂತು ಎಂದು ಯಾರಾದರೂ ಕೇಳಿದರೆ, "ಎರಡಕ್ಕೂ ಒಂದೇ ಅಳತೆ. ಕಿವಿ ಮೇಲೆ ಇರೋದು ಯಾವುದು, ಕೆಳಗೆ ಇರೋದು ಯಾವುದು ಅಂತ ಒಮ್ಮೊಮ್ಮೆ ನನಗೇ ಅನುಮಾನ" ಎನ್ನುತ್ತಿದ್ದ. ತನ್ನನ್ನು ಬೇರೆಯವರು ಗೇಲಿ ಮಾಡುವ ಮೊದಲೇ ತಾನೇ ಮಾಡಿ ಮುಗಿಸಿಬಿಡುವುದು ಅವನ ಹಳೆಯ ಉಪಾಯ.

ಪ್ರತಿ ವರ್ಷ ಹೊಸ ಮಕ್ಕಳು ಪ್ರಯೋಗಾಲಯಕ್ಕೆ ಕಾಲಿಟ್ಟ ದಿನ ಅವನದೊಂದು ಪುಟ್ಟ ಭಾಷಣವಿರುತ್ತಿತ್ತು. ಯಾರೂ ಕೇಳಿಕೊಳ್ಳದಿದ್ದರೂ ಕಿವಿಯಿಂದ ಪೆನ್ಸಿಲ್ ತೆಗೆದು ಎತ್ತಿ ಹಿಡಿಯುತ್ತಿದ್ದ.

"ಸೀಸದ ಕಡ್ಡಿ ಅಂತೀವಲ್ಲ, ಇದರಲ್ಲಿ ಸೀಸ ಎಲ್ಲಿದೆ ತೋರಿಸಿ ನೋಡೋಣ. ಎಳ್ಳಷ್ಟೂ ಇಲ್ಲ. ಇರೋದು ಗ್ರಾಫೈಟು, ಜೊತೆಗೆ ಒಂದಿಷ್ಟು ಜೇಡಿಮಣ್ಣು. ಮಣ್ಣು ಜಾಸ್ತಿ ಆದ್ರೆ ಗಟ್ಟಿ, ಕಮ್ಮಿ ಆದ್ರೆ ಮೆತ್ತಗೆ, ಕಪ್ಪಗೆ. ಗ್ರಾಫೈಟ್ ಒಳಗೆ ಪದರ ಪದರ, ಒಂದರ ಮೇಲೊಂದು ಜಾರುತ್ತೆ. ಜಾರಿ ಕಾಗದದ ಮೇಲೆ ಉಳಿಯೋದೇ ನೀವು ಬರೆಯೋ ಅಕ್ಷರ. ನೀವು ಪರೀಕ್ಷೇಲಿ ಜಾರಿದ್ರೆ ಏನೂ ಉಳಿಯಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು, ಇದರಲ್ಲಿ ಕರೆಂಟು ಹರಿಯುತ್ತೆ. ನೆನಪಿಟ್ಕೊಳ್ಳಿ."

ಮಕ್ಕಳು ನೆನಪಿಟ್ಟುಕೊಂಡರು. ಇಪ್ಪತ್ತಾರು ವರ್ಷ ಅದನ್ನೇ ಒದರಿದ ಮನುಷ್ಯ ಮಾತ್ರ ಮರೆತ. ಈ ಕತೆ ಅಷ್ಟೇ, ಆದರೂ ನಡೆದದ್ದು ನಡೆದ ಹಾಗೆ ಹೇಳಬೇಕು.

ಕಡ್ಡಿಗೆ ಚಿತ್ರ ಬರೆಯುವ ಹುಚ್ಚು. ಅದೂ ಪೆನ್ಸಿಲ್ಲಿನಲ್ಲಿ, ಅದೂ ಮನುಷ್ಯರ ಮುಖಗಳನ್ನೇ. ಕೂದಲಿನ ಹೊಳಪು, ಮೂಗಿನ ನೆರಳು, ಕೊರಳಿನ ಮಡಿಕೆ ಎಲ್ಲವೂ ಅಚ್ಚುಕಟ್ಟಾಗಿ ಬರುತ್ತಿದ್ದವು. ಬಾರದಿದ್ದದ್ದು ಹೋಲಿಕೆ ಒಂದೇ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕಿಟಕಿಯ ಪಕ್ಕ ಕೂರಿಸಿ ಎರಡು ಭಾನುವಾರ ಬರೆದಿದ್ದ. ಅವಳು ಚಿತ್ರವನ್ನು ಬೆಳಕಿಗೆ ಹಿಡಿದು, "ನನ್ನ ತಮ್ಮ ತುಂಬ ಚೆನ್ನಾಗಿ ಬಂದಿದಾನೆ ರೀ" ಅಂದಳು. ಹಾಸ್ಯಕ್ಕೆ ಅಂದದ್ದಲ್ಲ. ಭಾವಮೈದ ಮುಂದಿನ ಸಲ ಬಂದಾಗ ಗೋಡೆ ನೋಡಿ, "ಭಾವ, ನನ್ನನ್ನ ಯಾವಾಗ ನೋಡಿ ಬರೆದ್ರಿ?" ಎಂದು ಕಣ್ಣು ತುಂಬಿಕೊಂಡ. ಆ ಚಿತ್ರ ಈಗಲೂ ಭಾವಮೈದನ ಮನೆಯಲ್ಲಿದೆ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅವಳ ಕೈಯಲ್ಲೂ ಪೆನ್ಸಿಲ್ಲಿಗೆ ಕೆಲಸವಿತ್ತು. ಯಾರಾದರೂ ಸಿಕ್ಕಿಹಾಕಿಕೊಂಡ ಜಿಪ್ಪು ತಂದರೆ ಹಲ್ಲುಗಳ ಮೇಲೆ ಪೆನ್ಸಿಲ್ ಮೊನೆ ನಾಲ್ಕು ಸಲ ಉಜ್ಜುತ್ತಿದ್ದಳು, ಜಿಪ್ಪು ಸರ್ರನೆ ಓಡುತ್ತಿತ್ತು. "ನೋಡಿ, ನಾನು ಪೆನ್ಸಿಲ್ ಮುಟ್ಟಿದ್ರೆ ಜನ ಬಾಯ್ತುಂಬ ಹೊಗಳ್ತಾರೆ" ಎಂದು ಗಂಡನನ್ನು ಕಾಡುತ್ತಿದ್ದಳು.

ಆ ವರ್ಷ ಕಾಲೇಜಿನ ಮೇಡಂ ಒಬ್ಬರು ತಮ್ಮ ಸಂಶೋಧನೆಯ ಕೊನೆಯ ಹಂತದಲ್ಲಿದ್ದರು. ಕರೆಂಟು ಹರಿಯಲೇಬಾರದ ಪ್ಲಾಸ್ಟಿಕ್ ಹಾಳೆಗಳಲ್ಲೂ ಕೂದಲೆಳೆಯಷ್ಟು ಕರೆಂಟು ಸೋರುತ್ತದಂತೆ. ಎಷ್ಟು ಸೋರುತ್ತದೆ ಎಂದು ಅಳೆಯುವುದು ಅವರ ಕೆಲಸ. ಅದಕ್ಕಾಗಿ ಮೂಲೆಯ ಮೇಜಿನ ಮೇಲೆ ಒಂದು ಯಂತ್ರ ಕೂತಿತ್ತು. ಬಿಳಿ ಪಿಂಗಾಣಿ ಬಿಲ್ಲೆ, ಅದರ ಮೇಲೆ ಎರಡು ಹಿತ್ತಾಳೆ ಕಂಬ, ನಡುವೆ ಪ್ಲಾಸ್ಟಿಕ್ ಹಾಳೆ. ಮೇಡಂ ಅದರ ಹತ್ತಿರ ಜೋರಾಗಿ ಉಸಿರನ್ನೂ ಬಿಡುತ್ತಿರಲಿಲ್ಲ. ಯಂತ್ರ ನೋಡಿಕೊಳ್ಳುವ ಹೊಣೆ ಕಡ್ಡಿಯದು, ಅಳತೆಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸುವುದೂ ಅವನೇ.

ಒಂದು ದಿನ ಅಳತೆಗೆ ಹುಚ್ಚು ಹಿಡಿಯಿತು. ನೂರು ಪಟ್ಟು ಹೆಚ್ಚು ಕರೆಂಟು! ಮರುದಿನ ಕಡ್ಡಿ ಎಲ್ಲ ಒರೆಸಿಟ್ಟ ಮೇಲೆ ಸರಿಹೋಯಿತು, ಎರಡು ದಿನಕ್ಕೆ ಮತ್ತೆ ಕೆಟ್ಟಿತು.

"ಏನ್ರೀ ಇದು?" ಮೇಡಂ ತಲೆ ಮೇಲೆ ಕೈ ಹೊತ್ತರು.

"ತೇವ ಮೇಡಂ. ಗಾಳೀಲಿ ತೇವ ಜಾಸ್ತಿ" ಎಂದು ಕಡ್ಡಿ ಎರಡನೇ ಯೋಚನೆಯಿಲ್ಲದೆ ತೀರ್ಪು ಕೊಟ್ಟ. ಕಿಟಕಿಗಳಿಗೆ ಟೇಪ್ ಅಂಟಿಸಿದ. ಸೋರಿಕೆ ನಿಲ್ಲಲಿಲ್ಲ. ತಂತಿ ಹಳೆಯದು ಎಂದ, ಬದಲಾಯಿಸಿದ. ಇಲಿಯ ಕೆಲಸ ಎಂದ, ಬೋನು ಇಟ್ಟ. ಅದರಲ್ಲಿ ಅವನದೇ ಚಪ್ಪಲಿಯ ಪಟ್ಟಿ ಸಿಕ್ಕಿಕೊಂಡಿತು. ಎಲೆಕ್ಟ್ರಿಷಿಯನ್ ಬಂದು ಇಡೀ ಕೋಣೆಯ ಸ್ವಿಚ್ಚುಗಳನ್ನು ಬಿಚ್ಚಿ, ಮುಚ್ಚಿ, ಏನೂ ಇಲ್ಲ ಎಂದು ಹೋದ. ಕೊನೆಗೆ ಕಡ್ಡಿ ಬೆರಳು ತೋರಿಸಿದ್ದು ಕಸ ಗುಡಿಸುವ ಆಯಾ ಕಡೆಗೆ.

"ನೀವು ಬಡಬಡ ಧೂಳು ಹೊಡೀತೀರಿ, ಅದು ಹೋಗಿ ಯಂತ್ರದ ಮೇಲೆ ಕೂರುತ್ತೆ. ಇನ್ಮೇಲೆ ಆ ಮೂಲೆಗೆ ಬರಲೇಬೇಡಿ" ಎಂದು ಎಲ್ಲರೆದುರು ಗದರಿಸಿದ. ಆಯಾ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಬಕೆಟ್ಟು ಎತ್ತಿಕೊಂಡು ಹೋದಳು.

ಮೂರು ವಾರ ಹೀಗೇ ಕಳೆಯಿತು. ಮೇಡಂ ಸೊರಗಿದರು. ಕಡ್ಡಿ ಮಾತ್ರ ಮೂರು ವಾರದ ಹಿಂದೆಯೇ ಕೈಹಾಕಿದ್ದ ಒಂದು ಗುಟ್ಟಿನ ಕೆಲಸವನ್ನು, ಅವರ ಮನಸ್ಸಿಗೆ ಸಮಾಧಾನವಾಗಲಿ ಎಂದು ಮುಂದುವರಿಸಿದ್ದ. ಸಂಶೋಧನೆ ಮುಗಿದ ದಿನ ಕೊಡಲು ಅವರದೇ ಒಂದು ಚಿತ್ರ. ಮೇಡಂ ಮಧ್ಯಾಹ್ನ ಪಾಠಕ್ಕೆ ಹೋದಾಗಲೆಲ್ಲ ಕೂತು ಬರೆಯುತ್ತಿದ್ದ. ಬೆಳಕು ಚೆನ್ನಾಗಿ ಬೀಳುತ್ತಿದ್ದದ್ದು ಮೂಲೆಯ ಮೇಜಿನ ಮೇಲೆ, ಆದ್ದರಿಂದ ಅಲ್ಲೇ. ಬ್ಲೇಡಿನಿಂದ ಮೆತ್ತನೆಯ ಪೆನ್ಸಿಲ್ಲಿನ ಮೊನೆ ಕೆರೆದು ಪುಡಿ ಮಾಡಿ, ಹತ್ತಿಯಲ್ಲಿ ಅದ್ದಿ ಕೆನ್ನೆಗೆ ನೆರಳು ಕೊಡುತ್ತಿದ್ದ. ಉಳಿದ ಪುಡಿಯನ್ನು ಕಲಾವಿದರ ಠೀವಿಯಲ್ಲಿ ಉಫ್ ಎಂದು ಊದುತ್ತಿದ್ದ.

ಗುಟ್ಟು ರಟ್ಟಾದದ್ದು ಆಯಾಳಿಂದ. ಒಂದು ಬೆಳಗ್ಗೆ ಅವಳು ಕೈಯಲ್ಲಿ ಒಂದು ಬಿಳಿ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

"ಒಳಗೆ ಬರಲ್ಲಪ್ಪ, ನೀವೇ ಬೇಡ ಅಂದಿದೀರ. ನಿನ್ನೆ ಮೇಡಂ ಹೇಳಿದ್ರು ಅಂತ ಆ ಮೇಜಿನ ಅಂಚು ಮೆಲ್ಲಗೆ ಒರೆಸಿದೆ. ಈ ಧೂಳು ನೋಡಿ. ನಾನು ಗುಡಿಸೋ ಧೂಳು ಕೆಂಪಗೆ ಇರುತ್ತೆ. ಇದು ಕರ್‍ರಗೆ ಮಿಂಚ್ತಾ ಇದೆ."

ಕಡ್ಡಿ ಬಟ್ಟೆ ನೋಡಿದ. ಬೂದುಗಪ್ಪು, ಬೆಳ್ಳಿಯಂಥ ಮಿನುಗು.

"ನಿಮ್ಮ ಬೆರಳಲ್ಲಿ ಇರೋದೂ ಇದೇ ಬಣ್ಣ" ಎಂದಳು ಆಯಾ, ತೀರ ಸಾಧಾರಣ ದನಿಯಲ್ಲಿ.

ಕಡ್ಡಿ ತನ್ನ ಬೆರಳು ನೋಡಿಕೊಂಡ. ಒಳಗೆ ಹೋಗಿ ಗ್ರಾಫ್ ಹಾಳೆ ಹರಡಿದ. ತಾನೇ ಅಷ್ಟು ಅಂದವಾಗಿ ಚುಕ್ಕೆಯಿಟ್ಟು ಗೆರೆ ಎಳೆದ ಹಾಳೆ. ಸೋರಿಕೆ ಏರಿದ್ದು ಪ್ರತಿ ವಾರ ಮಂಗಳವಾರ, ಶುಕ್ರವಾರ. ಮೇಡಂಗೆ ಮಧ್ಯಾಹ್ನದ ಪಾಠ ಇದ್ದದ್ದು ಮಂಗಳವಾರ, ಶುಕ್ರವಾರ. ಕಳ್ಳ ತನ್ನ ಹೆಜ್ಜೆಗುರುತಿನ ನಕ್ಷೆಯನ್ನು ತಾನೇ ಬರೆದು, ಶೀರ್ಷಿಕೆ ಕೊಟ್ಟು, ಕಡತಕ್ಕೆ ಸೇರಿಸಿದ್ದ. ಇಲಿಬೋನು ಅಷ್ಟೇನೂ ತಪ್ಪು ಮಾಡಿರಲಿಲ್ಲ, ಅಪರಾಧಿಯ ಚಪ್ಪಲಿಯನ್ನು ಸರಿಯಾಗಿಯೇ ಹಿಡಿದಿತ್ತು.

ಪಿಂಗಾಣಿ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂತ ಗ್ರಾಫೈಟ್ ಪುಡಿ, ಎರಡು ಹಿತ್ತಾಳೆ ಕಂಬಗಳ ನಡುವೆ ಕರೆಂಟಿಗೆ ಕಾಲುದಾರಿ ಮಾಡಿಕೊಟ್ಟಿತ್ತು. ಹೊಸ ಮಕ್ಕಳಿಗೆ ಹೇಳಿಕೊಡುವ ಪಾಠದ ಕೊನೆಯ ಸಾಲು.

ಸುಮ್ಮನಿದ್ದುಬಿಡಬಹುದಿತ್ತು. ಒರೆಸಿ, ಬರೆಯುವುದನ್ನು ನಿಲ್ಲಿಸಿ, "ತೇವ ಹೋಯ್ತು ಮೇಡಂ" ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಅವನಿಗೆ ಬಂತು, ಅರ್ಧ ಗಂಟೆ ಕೂತೂ ಇತ್ತು. ಆದರೆ ಬಾಗಿಲಲ್ಲಿ ಆಯಾ ಬಟ್ಟೆ ಹಿಡಿದು ಇನ್ನೂ ನಿಂತಿದ್ದಳು.

ಮೇಡಂ ಬಂದ ಕೂಡಲೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. "ಮೇಡಂ, ಆ ಸೋರಿಕೆ ನಾನೇ. ತೇವ ಅಲ್ಲ, ತಂತಿ ಅಲ್ಲ, ಆಯಾ ಅಂತೂ ಅಲ್ಲವೇ ಅಲ್ಲ. ನಾನು, ನನ್ನ ಪೆನ್ಸಿಲ್ಲು."

"ಇಲ್ಲಿ ಕೂತು ಪೆನ್ಸಿಲ್ ಕೆರೆದ್ರಾ? ಯಾಕೆ?"

ಚಿತ್ರ ತೋರಿಸದೆ ಬೇರೆ ದಾರಿಯಿರಲಿಲ್ಲ. ಮೇಡಂ ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ನಮ್ಮ ದೊಡ್ಡಪ್ಪನ್ನ ನೀವು ಎಲ್ಲಿ ನೋಡಿದ್ರಿ?"

"ನೋಡಿಲ್ಲ ಮೇಡಂ. ಅದು ನೀವು."

ಮೇಡಂ ನಗಲಿಲ್ಲ. ಮೂರು ವಾರದ ಅಳತೆಗಳು ಕಸದ ಬುಟ್ಟಿಗೆ ಹೋಗಿದ್ದವು. ಚಿತ್ರವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದವರು ಎರಡು ದಿನ ಅವನೊಡನೆ ಮಾತೇ ಆಡಲಿಲ್ಲ. ಮನೆಯಲ್ಲಿ ಅವನು ಊಟಕ್ಕೆ ಕೂತು ನಡೆದದ್ದನ್ನು ಹೇಳಿದ. ಹೆಂಡತಿ ವಿಷಯವೆಲ್ಲ ಕೇಳಿ, "ಕಡ್ಡಿ ಆಡಿಸೋದು ಅಂದ್ರೆ ಇದೇ ಏನ್ರೀ?" ಅಂದಳು. ಅವನಿಗೂ ನಗು ಬಂತು, ಆದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಬೇರೆ ಸಲ ತನ್ನನ್ನು ತಾನೇ ಗೇಲಿ ಮಾಡಿಕೊಂಡರೆ ಮನಸ್ಸು ಹಗುರಾಗುತ್ತಿತ್ತು. ಈ ಸಲ ಆಗಲಿಲ್ಲ, ಯಾಕೆಂದರೆ ಮೇಡಂ ಸೊರಗಿದ್ದು, ಆಯಾ ಬಕೆಟ್ಟು ಎತ್ತಿಕೊಂಡು ಹೋದದ್ದು ಯಾವ ಲೆಕ್ಕದಲ್ಲೂ ಗೇಲಿಯಾಗಿರಲಿಲ್ಲ.

ಮೂರನೇ ದಿನ ಮೇಡಂ ಒಂದು ಬಿಳಿ ಹಾಳೆ ತಂದು ಅವನ ಮುಂದಿಟ್ಟರು.

"ನೆಟ್ಟಗೆ ಒಂದು ಗೆರೆ ಎಳೀರಿ. ದಪ್ಪ, ಒಂದೇ ಸಮ ಇರ್ಬೇಕು."

ಎಳೆದ. ಮೇಡಂ ಗೆರೆಯ ಎರಡು ತುದಿಗೆ ಮೀಟರಿನ ತಂತಿ ಮುಟ್ಟಿಸಿ ಅಂಕಿ ಬರೆದುಕೊಂಡರು. ಒಂದು ತಂತಿಯನ್ನು ಗೆರೆಯ ನಡುವಿಗೆ ತಂದರು. ಅಂಕಿ ಸರಿಯಾಗಿ ಅರ್ಧಕ್ಕೆ ಇಳಿಯಿತು. ಇನ್ನೊಂದು ಗೆರೆ, ಮತ್ತೊಂದು ಗೆರೆ. ಪ್ರತಿ ಸಲವೂ ಹಾಗೇ. ಮೇಡಂ ತಾವೂ ಒಂದು ಎಳೆದರು, ಅದು ಒಂದು ಕಡೆ ತೆಳು, ಒಂದು ಕಡೆ ದಪ್ಪವಾಗಿ ಅಂಕಿಗಳೆಲ್ಲ ಚೆಲ್ಲಾಪಿಲ್ಲಿ.

"ಇದನ್ನ ಮೊದಲ ವರ್ಷದ ಮಕ್ಕಳಿಗೆ ಒಂದು ಪ್ರಯೋಗ ಮಾಡೋಣ" ಎಂದರು. "ತಂತಿಯ ಉದ್ದ ಹೆಚ್ಚಾದ್ರೆ ಕರೆಂಟಿಗೆ ತಡೆ ಹೆಚ್ಚಾಗುತ್ತೆ ಅಂತ ಬಾಯಲ್ಲಿ ಹೇಳೋ ಬದಲು ಒಂದು ಪೆನ್ಸಿಲ್ ಗೆರೆಯಲ್ಲೇ ತೋರಿಸಬಹುದು. ಮಾದರಿ ಗೆರೆಗಳನ್ನ ನೀವೇ ಎಳೆದುಕೊಡ್ಬೇಕು. ನಿಮ್ಮ ಕೈ ಬಹಳ ಸಮ ಇದೆ."

"ಇಪ್ಪತ್ತಾರು ವರ್ಷ ಮುಖಕ್ಕೆ ನೆರಳು ತುಂಬಿದ ಕೈ ಮೇಡಂ. ಮುಖ ಬರಲಿಲ್ಲ, ಗೆರೆ ಬಂತು. ಏನೋ ಒಂದು ಬಂತಲ್ಲ" ಎಂದ ಕಡ್ಡಿ.

ಆಗ ಮೇಡಂ ನಕ್ಕರು.

ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಕಡ್ಡಿ ಒಂದು ದೊಡ್ಡ ಹಾಳೆಯ ಮೇಲೆ ಮುಖವೊಂದನ್ನು ಬರೆದ. ಕೊರಳಿನಿಂದ ಹೊರಟ ಕಪ್ಪು ಗೆರೆಗಳು ಕೂದಲಲ್ಲಿ ಹಾದು ಕಣ್ಣಿಗೆ ಬಂದು, ಮತ್ತೆ ಕೊರಳಿಗೆ ಇಳಿದಿದ್ದವು. ಕಣ್ಣುಗಳ ಜಾಗದಲ್ಲಿ ಎರಡು ಪುಟ್ಟ ಎಲ್‌ಇಡಿ ದೀಪ. ಕೊರಳ ಹತ್ತಿರ ಬ್ಯಾಟರಿ ಇಟ್ಟರೆ ಗೆರೆಗಳಲ್ಲೇ ಕರೆಂಟು ಹರಿದು ಕಣ್ಣು ಮಿಣುಕುತ್ತಿದ್ದವು. ಮಕ್ಕಳು ಮುಗಿಬಿದ್ದು ನೋಡಿದರು. ಪ್ರಾಂಶುಪಾಲರು ಬಂದು ಕನ್ನಡಕ ಸರಿಮಾಡಿಕೊಂಡು, "ಯಾರಪ್ಪ ಇದು?" ಎಂದು ಕೇಳಿದರು.

"ಯಾರೂ ಅಲ್ಲ ಸಾರ್. ಯಾರನ್ನೂ ನೋಡಿ ಬರೆದಿಲ್ಲ. ಹಂಗಾಗಿ ಅವರ ಥರ ಇಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ."

"ನಮ್ಮ ಹಳೇ ಕ್ಯಾಷಿಯರ್ ಥರ ಇದಾನಲ್ಲಯ್ಯ" ಎಂದು ಪ್ರಾಂಶುಪಾಲರು ಮುಂದಕ್ಕೆ ನಡೆದರು.

ಮೇಡಂ ಅಳತೆಗಳನ್ನೆಲ್ಲ ಮೊದಲಿನಿಂದ ಮಾಡಿದರು. ಎರಡು ತಿಂಗಳು ತಡವಾಗಿ ಪ್ರಬಂಧ ಮುಗಿಯಿತು. ಯಂತ್ರಕ್ಕೆ ಗಾಜಿನ ಪೆಟ್ಟಿಗೆ ಬಂತು. ಪ್ರಯೋಗಾಲಯದೊಳಗೆ ಪೆನ್ಸಿಲ್ ಕೆರೆಯಬಾರದು ಎಂಬ ಫಲಕವೂ ಬಂತು. ಅದನ್ನು ಬರೆದವನೂ ಕಡ್ಡಿಯೇ, ಅಕ್ಷರ ಚೆನ್ನಾಗಿದೆ ಎಂದು.

ಆಯಾ ಹತ್ತಿರ ಕ್ಷಮೆ ಕೇಳುವುದು ಮಾತ್ರ ಎಲ್ಲಕ್ಕಿಂತ ಕಷ್ಟವಾಯಿತು. ಎಲ್ಲರೆದುರು ಬೈದದ್ದು, ಎಲ್ಲರೆದುರೇ ಕೇಳಬೇಕು ಎಂದು ಅವನೇ ತೀರ್ಮಾನಿಸಿದ್ದ. ಕಾಫಿ ವೇಳೆಗೆ ಸಿಬ್ಬಂದಿ ಕೋಣೆಯಲ್ಲಿ ಎದ್ದು ನಿಂತು, ತೊದಲಿ, ಅರ್ಧ ಹೇಳಿದ. ಆಯಾ ಲೋಟ ಕೆಳಗಿಟ್ಟು, "ಆಯ್ತು ಬಿಡಿ. ನನ್ನ ಚಿತ್ರ ಬರ್ಕೊಡಿ" ಅಂದಳು.

"ಅಮ್ಮ, ಅದು ಕ್ಷಮೆ ಅಲ್ಲ, ನಿಮಗೇ ಶಿಕ್ಷೆ ಆಗುತ್ತೆ."

"ಬರೀರಿ ನೋಡೋಣ."

ವರಾಂಡದ ಬೆಂಚಿನ ಮೇಲೆ ನಾಲ್ಕು ಮಧ್ಯಾಹ್ನ ಕೂತಳು. ಮಡಿಲಲ್ಲಿ ಕೈ ಒಂದರ ಮೇಲೊಂದು. ಮುಖಕ್ಕೆ ಹೆದರಿ ಕಡ್ಡಿ ಹೆಚ್ಚು ಹೊತ್ತು ಕೈಗಳಲ್ಲೇ ಕಳೆದ. ಗಂಟುಬಿದ್ದ ಬೆರಳ ಸಂದು, ಸೋಪಿನ ನೀರಿಗೆ ಬಿರಿದ ಚರ್ಮ, ಎಡಗೈ ಹೆಬ್ಬೆರಳಿನ ಸೀಳಿದ ಉಗುರು. ಮುಗಿದ ಮೇಲೆ ಆಯಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಮುಖ ನಂದಲ್ಲ" ಅಂದಳು.

"ಗೊತ್ತು."

"ಕೈ ನಂದೇ." ಬೆರಳಿಂದ ಚಿತ್ರದ ಮೇಲೆ ಆ ಉಗುರನ್ನು ಮುಟ್ಟಲು ಹೋಗಿ, ಅಳಿಸಿಹೋದೀತೆಂದು ಹಿಂದೆ ತೆಗೆದುಕೊಂಡಳು. "ಇದು ಸೀಳಿರೋದು ನಮ್ಮ ಮನೇಲೂ ಯಾರೂ ನೋಡಿಲ್ಲ."

ಹಾಳೆಯನ್ನು ಚಿತ್ರದ ಕೊರಳಿನ ಹತ್ತಿರ ನೀಟಾಗಿ ಹಿಂದಕ್ಕೆ ಮಡಚಿ ಮನೆಗೆ ಕೊಂಡೊಯ್ದಳು. ಮಗಳು ಅದಕ್ಕೆ ಚೌಕಟ್ಟು ಹಾಕಿಸಿದ್ದಾಳಂತೆ, ಮಡಚಿದ ಹಾಗೆಯೇ.

ಆಮೇಲೆ ಕೈ ಬರೆಸಿಕೊಳ್ಳಲು ತೋಟದ ಮಾಲಿ ಬಂದ, ಗ್ರಂಥಾಲಯದ ಅಕ್ಕ ಬಂದರು. ಮೇಡಂ ಕೂಡ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಮೀಟರಿನ ತಂತಿ ಹಿಡಿದ ಕೈಯನ್ನು ಬೆಂಚಿನ ಮೇಲಿಟ್ಟು ಕೂತರು. ಕಡ್ಡಿ ಎಲ್ಲರಿಗೂ ಮೊದಲೇ ಹೇಳಿಬಿಡುತ್ತಾನೆ, "ಮಣಿಕಟ್ಟಿನವರೆಗೆ ನನ್ನ ಜವಾಬ್ದಾರಿ. ಅಲ್ಲಿಂದ ಮೇಲಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."