ಒಂದೇ ಕಡೆ ನಿಂತ ಸಾಕ್ಷಿಗಳು

ಮೇಡಂ ಯಾರನ್ನೇ ನೋಡಲಿ, ಮೊದಲು ಎಡಗಣ್ಣು ಮುಚ್ಚಿ ನೋಡುವರು, ಆಮೇಲೆ ಬಲಗಣ್ಣು ಮುಚ್ಚಿ. ಅರಸೀಕೆರೆಯ ಅವರ ಸರ್ವೆ ಆಫೀಸಿಗೆ ಕೆಲಸ ಕೇಳಿಕೊಂಡು ಹೋದ ನನ್ನನ್ನೂ ಹೀಗೇ ಎರಡು ಕಂತಿನಲ್ಲಿ ನೋಡಿದರು. ಅಯ್ಯಪ್ಪಾ, ಏನು ಅನುಮಾನ ಅವರದು! ಹೋಟೆಲಿನವನು ಬಿಸಿ ವಡೆ ಅಂದರೆ ಮುರಿದು ಹಬೆ ನೋಡುವರು. ಜ್ವರ ಅಂತ ರಜೆ ಕೇಳಿದರೆ ಹಣೆ ಮುಟ್ಟುವರು.

ಡ್ರೋನ್ ತೆಗೆದ ಫೋಟೋಗಳಿಂದ ನೆಲದ ಏರುತಗ್ಗು ಕಟ್ಟಿಕೊಡುವುದು ನಮ್ಮ ಕೆಲಸ. ಕ್ಯಾಮೆರಾ ಎಲ್ಲಿತ್ತು, ಲೆನ್ಸ್ ಎಷ್ಟು ಬಾಗಿದೆ, ನೆಲ ಎಷ್ಟು ಎತ್ತರ, ಎಲ್ಲವನ್ನೂ ಕಂಪ್ಯೂಟರು ಇಷ್ಟಿಷ್ಟೇ ಜರುಗಿಸುತ್ತ, ಒಂದಕ್ಕೊಂದು ತಾಳೆಯಾಗದ ಫೋಟೋಗಳ ನಡುವಿನ ತಕರಾರನ್ನು ಆದಷ್ಟು ಕಮ್ಮಿ ಮಾಡುತ್ತದೆ. ತಕರಾರು ಇಳಿದರೆ ನಮಗೆ ಹಿಗ್ಗು. ಮೇಡಂ ಮಾತ್ರ, "ಎಲ್ಲಾ ಸೇರಿ ಸುಳ್ಳನ್ನೂ ಒಪ್ಕೊಂಡಿರಬಹುದು ಕಣೋ" ಅನ್ನುವರು.

ಹಗರೆ ಕಡೆಯ ಒಂದು ಕೆರೆ ಏರಿಯ ಕೆಲಸ ಬಂತು. ಮಳೆಗಾಲಕ್ಕೆ ಮುಂಚೆ ಏರಿ ಎಲ್ಲಿ ಕುಸಿದಿದೆ ಅಂತ ನಾವು ಹೇಳಬೇಕು, ಅಲ್ಲಿ ಮಾತ್ರ ಮಣ್ಣು ಹಾಕುತ್ತಾರೆ. ಏರಿಯ ನಡುಭಾಗದ ಕೆಳಗೇ ನನ್ನ ಅಕ್ಕನ ಮನೆ, ಹಸುಗಳ ಕೊಟ್ಟಿಗೆ. ನಮ್ಮ ಲೆಕ್ಕದಲ್ಲಿ ನಡುಭಾಗವೇ ಎತ್ತರ ಬಂತು. ಹೆದರಬೇಡ ಅಂತ ಅಕ್ಕನಿಗೆ ಫೋನೂ ಮಾಡಿಬಿಟ್ಟೆ.

"ಅಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?" ಅಂದರು ಮೇಡಂ.

"ಅಕ್ಕ ಇದಾಳೆ."

"ನಿಂಗೆ ಬೇಕಾದ ಉತ್ತರಾನೇ ಬಂದಿದೆ. ಅದಕ್ಕೇ ನಂಗೆ ನಂಬಿಕೆ ಇಲ್ಲ."

ಮೈಯೆಲ್ಲ ಉರಿಯಿತು. "ನಾನೇನು ಮೋಸಗಾರನಾ ಮೇಡಂ?"

"ನೀನಲ್ಲಪ್ಪ, ಈ ಫೋಟೋಗಳು. ಎಲ್ಲವೂ ನೆತ್ತಿ ಮೇಲಿಂದ ನೆಟ್ಟಗೆ ಕೆಳಗೇ ನೋಡಿವೆ. ಲೆನ್ಸಿನ ಬಾಗನ್ನ ನೆಲದ ಉಬ್ಬು ಅಂತ ಹೊರಿಸಿದ್ರೂ ಇವಕ್ಕೆ ಗೊತ್ತಾಗಲ್ಲ. ಒಂದೇ ಕಡೆ ನಿಂತು ನೋಡಿದ ನೂರು ಜನಾನೂ ಒಬ್ಬನೇ ಸಾಕ್ಷಿ."

ಮಾರನೆಯ ದಿನ ಆ ಸುಡುಬಿಸಿಲಲ್ಲಿ ಅವರೇ ಏರಿಗೆ ಬಂದು, ಕ್ಯಾಮೆರಾ ಓರೆ ಮಾಡಿಸಿ ಡ್ರೋನ್ ಮತ್ತೆ ಹಾರಿಸಿದರು. ಏರಿಯುದ್ದಕ್ಕೂ ಗುರುತು ಹಾಕಿಸಿ ಎತ್ತರ ಅಳೆಸಿದರು. ಮಜ್ಜಿಗೆ ತಂದ ಅಕ್ಕ, "ಚೆನ್ನಾಗೈತೆ ಅಂದಿದ್ನಲ್ಲ ನನ್ ತಮ್ಮ, ಮತ್ಯಾಕವ್ವಾ ಬಂದ್ರಿ?" ಅಂದಳು.

"ಇನ್ನೊಂದ್ಸಲ ನೋಡಿದ್ರೆ ಏರಿ ಸವೆಯಲ್ಲ ಬಿಡಮ್ಮ."

ನೋಡಿದರೆ, ನಡುಭಾಗವೇ ಮೊಣಕಾಲುದ್ದ ಕುಸಿದಿತ್ತು. ಅಲ್ಲಿಗೇ ಮಣ್ಣು ಬಿತ್ತು. ಆ ಮಳೆಗಾಲ ನೀರು ಏರಿ ಕುಸಿದಿದ್ದ ಹಳೆಯ ಮಟ್ಟ ದಾಟಿ, ಹೊಸ ಮಣ್ಣಿನವರೆಗೆ ಏರಿ ನಿಂತಿತು.

ಹೋದ ವರ್ಷ ಮೇಡಂ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಅಕ್ಕ ಹಗರೆಯಿಂದ ಮೊದಲ ಬಸ್ಸಿಗೇ ಬಂದು, ಅವರ ಕಾಲ ಬಳಿ ಕೂತಿದ್ದಳು. ನನ್ನ ಮುಖ ನೋಡಿ, "ನಿನ್ ಮಾತ್ ನಂಬ್ಕಂಡು ಆ ಮಳೇಲೂ ಮಕ್ಳನ್ನ ಏರಿ ಕೆಳಗೇ ಮಲಗಿಸ್ತಿದ್ದೆ ಕಣ್ಲಾ," ಅಂದಳು. "ಈಯಮ್ಮ ನಂಬ್ನಿಲ್ಲ."